ಏ.ಸಿ. ತೆಗೆಸಿದ ಕಾರಿನ ತೂತುಗಳನ್ನು ಮುಚ್ಚುವ ಬಗೆ

ನಮ್ಮ ಸದಸ್ಯ ಬೆಳೆಗಾರರಲ್ಲಿ ಹಳೆಯ ಕಾರುಗಳನ್ನೇ ನೆಚ್ಚಿಕೊಂಡವರು ಬಹಳ ಮಂದಿ ಇದ್ದೇವೆ. ಏ.ಸಿ. ಕೆಟ್ಟರೆ ರಿಪೇರಿಗೆ ದುಡ್ಡು ಸುರಿಯುವುದಕ್ಕಿಂತ ತೆಗೆಸಿಬಿಡುವುದೇ ಲೇಸೆಂದು ನಮ್ಮ ತಂಪು ಸೀಮೆಯಲ್ಲಿ ಅನಿಸುವುದು ಸಹಜ. ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ಅದು ನೆರವಾಗುವುದನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನಿಸಬೇಕು. ತೆಗೆಸುವುದೇ ಆದರೆ, ಆಮೇಲೆ ಉಳಿಯುವ ತೂತುಗಳ ವಿಷಯವಾಗಿ ಕೆಲವು ಮಾತು ತಿಳಿಸಬಯಸುತ್ತೇವೆ.

ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ಇರುವ ತಗಡಿನ ಗೋಡೆಗೆ ಮೆಕ್ಯಾನಿಕರು ಫೈರ್‌ವಾಲ್ ಎನ್ನುತ್ತಾರೆ. ಏ.ಸಿ.ಯ ಎರಡು ಪೈಪು, ನೀರು ಬಸಿಯುವ ನಳಿಕೆ ಮತ್ತು ತಂತಿಗಳು ಸಾಮಾನ್ಯವಾಗಿ ಇದರ ಮೂಲಕವೇ ಹಾದಿರುತ್ತವೆ. ಇಂಜಿನ್ನಿಗೆ ಬೆಂಕಿ ತಗುಲಿದರೆ ನಾವು ಇಳಿದು ಓಡುವಷ್ಟು ಕಾಲಾವಕಾಶ ಕೊಡುವುದು ಈ ಗೋಡೆಯೇ. ಅದಕ್ಕಿಂತ ಮೋಸದ್ದು ಹೊಗೆಯ ಅಪಾಯ. ಸೈಲೆನ್ಸರ್ ಪೈಪಿನ ಜೋಡಣೆ ಸೋರುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಈ ತೂತಿನಿಂದ ಒಳಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಗಾಜು ಏರಿಸಿ ಘಾಟಿ ಹತ್ತುವಾಗ ತಲೆನೋವು, ಮಂಪರು ಬಂದರೆ ಆಯಾಸವೆಂದು ಬಿಡದೆ ತಕ್ಷಣ ಕಾರು ನಿಲ್ಲಿಸಿ ಹೊರಗಿನ ಗಾಳಿಗೆ ಬರತಕ್ಕದ್ದು. ಇದಲ್ಲದೆ ಮಳೆನೀರು ಮತ್ತು ಇಲಿಗಳಿಗೂ ಅದೇ ದಾರಿ.

ಬಟ್ಟೆ, ಥರ್ಮಾಕೋಲ್, ಸ್ಪಂಜು ತುರುಕುವುದು ಸಲ್ಲದು; ಇವೆಲ್ಲ ಉರಿಯುವ ವಸ್ತುಗಳು. ಬರಿಯ ಎಪಾಕ್ಸಿ ಪುಟ್ಟಿ ಮೆತ್ತಿದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ಬಿರುಕು ಬಿಡುತ್ತದೆ.

ಸರಿಯಾದ ಕ್ರಮ ಹೀಗಿದೆ:

1. ಗ್ಯಾಸನ್ನು ಏ.ಸಿ. ಮೆಕ್ಯಾನಿಕರಿಂದ ಯಂತ್ರದ ಮೂಲಕವೇ ತೆಗೆಸಿರಿ. ಗಾಳಿಗೆ ಬಿಟ್ಟರೆ ವಾತಾವರಣಕ್ಕೆ ಹಾನಿ. ಕೈಗೆ, ಕಣ್ಣಿಗೆ ತಗುಲಿದರೆ ಗಾಯ.

2. ಕೆಲವು ಕಾರುಗಳಲ್ಲಿ ಬ್ಲೋವರಿನ ಗಾಳಿ ಏ.ಸಿ. ಪೆಟ್ಟಿಗೆಯ ಮೂಲಕವೇ ಹಾಯುತ್ತದೆ. ಅಂಥಲ್ಲಿ ಖಾಲಿ ಪೆಟ್ಟಿಗೆಯನ್ನು ಹಾಗೆಯೇ ಬಿಡಿ, ಇಲ್ಲವೇ ಏ.ಸಿ. ಇಲ್ಲದ ಮಾದರಿಯ ಕೊಳವೆ ಹಾಕಿಸಿರಿ. ಹೀಟರ್ ಪೈಪಿನ ದಾರಿಯನ್ನು ಮುಟ್ಟಬೇಡಿ.

3. ಬ್ಯಾಟರಿ ತಂತಿ ಬಿಚ್ಚಿರಿ. ತೂತಿನ ಸುತ್ತ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಲು ಬಿಡಿ.

4. ಸಣ್ಣ ದುಂಡು ತೂತಿಗೆ ಅಳತೆಯ ರಬ್ಬರ್ ಬಿರಡೆ ಸಾಕು. ದೊಡ್ಡದಕ್ಕೆ ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಸುತ್ತಲೂ 20 ರಿಂದ 25 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ ಬಣ್ಣ ಬಳಿಯಿರಿ.

5. ಇಂಜಿನ್ ಶಾಖ ತಾಳುವ ಸೀಲೆಂಟನ್ನು ಅಂಚಿಗೆ ಎಲ್ಲೂ ಕಡಿಯದಂತೆ ಹಚ್ಚಿ, ತಗಡನ್ನು ಇಂಜಿನ್ ಕಡೆಯಿಂದ ಕೂರಿಸಿ, ಬೋಲ್ಟು ಅಥವಾ ರಿವೆಟ್ ಹಾಕಿಸಿರಿ. ವಿನಿಗರ್ ವಾಸನೆಯ ಸಿಲಿಕೋನ್ ಬೇಡ; ಅದು ಲೋಹಕ್ಕೆ ತುಕ್ಕು ತರಿಸುತ್ತದೆ. ರಂಧ್ರ ಕೊರೆಯುವ ಮೊದಲು ಹಿಂಬದಿಯಲ್ಲಿ ತಂತಿ, ಬ್ರೇಕ್ ಪೈಪು ಇಲ್ಲವೆಂದು ನೋಡಿಕೊಳ್ಳಿ.

ಒಂದು ದಿನ ಒಣಗಿದ ಮೇಲೆ ಪರೀಕ್ಷೆ ಮಾಡತಕ್ಕದ್ದು. ರಾತ್ರಿ ಶೆಡ್ಡಿನಲ್ಲಿ, ಇಂಜಿನ್ ನಿಲ್ಲಿಸಿ, ಬಾನೆಟ್ಟಿನೊಳಗೆ ಟಾರ್ಚು ಹಿಡಿಸಿ ಕಾರಿನೊಳಗಿನಿಂದ ನೋಡಿರಿ. ಬೆಳಕಿನ ಎಳೆ ಕಂಡಲ್ಲೆಲ್ಲ ಸಂದು ಉಂಟು. ಬಳಿಕ ವೈರುಗಳ ಮೇಲೆ ಬೀಳದಂತೆ ಆ ಜಾಗಕ್ಕಷ್ಟೇ ಸಣ್ಣಗೆ ಶುದ್ಧ ನೀರು ಚಿಮುಕಿಸಿ. ಬೋರ್ಡೊ ಹೊಡೆದ ಪಂಪು ಇದಕ್ಕೆ ಬೇಡ. ಮೈಲುತುತ್ತ ಕಬ್ಬಿಣವನ್ನು ತಿನ್ನುವುದು ನಮಗೆಲ್ಲ ತಿಳಿದದ್ದೇ.

ಒಂದು ತುಂಡು ತಗಡು, ಒಂದು ಟ್ಯೂಬ್ ಸೀಲೆಂಟು, ಅರ್ಧ ದಿನದ ಕೂಲಿ: ಖರ್ಚು ಇಷ್ಟೇ. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕೆಂದು ಬೆಳೆಗಾರ ಬಾಂಧವರಲ್ಲಿ ವಿನಂತಿ.