ಗಣಿಯ ದೀಪ, ಮನೆಯ ದೀಪ

ದೀಪಾವಳಿ ಬಂತೆಂದರೆ ಮಸ್ಕತ್ತಿನ ನಮ್ಮ ಫ್ಲಾಟುಗಳಲ್ಲೂ ಹಣತೆಗಳ ಸಾಲು, ಬಾಲ್ಕನಿಯಲ್ಲಿ ಆಕಾಶಬುಟ್ಟಿ. ನಮ್ಮ ಮನೆಯಲ್ಲಿ ಇವುಗಳ ಜೊತೆ ಇನ್ನೊಂದು ದೀಪವೂ ಉರಿಯುತ್ತದೆ. ಹಿತ್ತಾಳೆಯ ಬುಡ, ದಪ್ಪ ಗಾಜು, ತಲೆಗೊಂದು ಉಕ್ಕಿನ ಟೋಪಿ, ಹಿಡಿಯಲು ಕೊಕ್ಕೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದೇನ್ರೀ, ರೈಲ್ವೆ ಲಾಟೀನಾ?" ಅಲ್ಲ ಸ್ವಾಮಿ, ಇದು ಕಲ್ಲಿದ್ದಲು ಗಣಿಯ ಸುರಕ್ಷಾ ದೀಪ!

ಕಲ್ಲಿದ್ದಲಿನ ಪದರಗಳಿಂದ ಮೀಥೇನ್ ಅನಿಲ ಹೊರಬರುತ್ತದೆ. ಅದಕ್ಕೆ ಬೆಂಕಿ ತಾಗಿದರೆ ಸ್ಫೋಟ. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಗಣಿಯ ಸ್ಫೋಟದಲ್ಲಿ 92 ಜನ ಸತ್ತರು. 1815ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಜ್ವಾಲೆಯ ಸುತ್ತ ತಂತಿಯ ಜಾಲರಿ ಸುತ್ತಿದ ದೀಪವನ್ನು ಮುಂದಿಟ್ಟರು. ಚದರ ಅಂಗುಲಕ್ಕೆ 784 ಕಣ್ಣುಗಳ ಜಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. ಒಳಗೆ ಅನಿಲ ಹೊತ್ತಿಕೊಂಡರೂ ಬೆಂಕಿ ಹೊರಗೆ ದಾಟುವುದಿಲ್ಲ. ಈ ದೀಪ ಕಾವಲುಗಾರನೂ ಹೌದು. ಮೀಥೇನ್ ಇದ್ದರೆ ಜ್ವಾಲೆಯ ತಲೆಯ ಮೇಲೆ ನೀಲಿ ಕಿರೀಟ ಕಾಣುತ್ತದೆ. ಆಮ್ಲಜನಕ ತೀರಾ ಕಡಿಮೆಯಾದರೆ ದೀಪ ಆರಿಹೋಗುತ್ತದೆ.

ನಾನು ಕೆ.ಜಿ.ಎಫ್.ನವನು. ಹಾಗಾಗಿ "ನಿಮ್ಮೂರಲ್ಲೂ ಇದೇ ದೀಪ ಇತ್ತಾ?" ಎಂದು ಗೆಳೆಯರು ಕೇಳುತ್ತಾರೆ. ನಮ್ಮದು ಚಿನ್ನದ ಗಣಿ, ಗಟ್ಟಿ ಬಂಡೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ದೊಡ್ಡ ಭಯವಿದ್ದದ್ದು ಸಿಡಿಯುವ ಬಂಡೆಯದು, ಸುಡುವ ಸೆಕೆಯದು. ತಾತ ಕಾರ್ಬೈಡ್ ದೀಪ ಹಿಡಿದು ಇಳಿದವರು; ಅಪ್ಪನ ಹೆಲ್ಮೆಟ್ಟಿಗೆ ಬ್ಯಾಟರಿ ದೀಪ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮನೆಯವರ ದೀಪಗಳು ಯಾವುವೂ ನಮಗೆ ಉಳಿಯಲಿಲ್ಲ. ಆ ಕೊರತೆಯೇ ನನ್ನನ್ನು ಮತ್ರಾ ಸೂಕ್‌ನ ಹಳೆಯ ಸಾಮಾನಿನ ಅಂಗಡಿಗಳಿಗೆ ಎಳೆದದ್ದು. ಅಷ್ಟಕ್ಕೂ ಒಮಾನ್ ಕೂಡ ಗಣಿಗಳ ನಾಡೇ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ, ಮಗನ್ ಎಂಬ ಹೆಸರಿನಲ್ಲಿ, ಇಲ್ಲಿನ ಬೆಟ್ಟಗಳ ತಾಮ್ರ ಮೆಸೊಪೊಟೇಮಿಯಾಕ್ಕೆ ಹೋಗುತ್ತಿತ್ತು.

ಕಡಲ ಉಪ್ಪುಗಾಳಿಗೆ ಹಿತ್ತಾಳೆ ಹಸಿರಾಗಿತ್ತು, ಜಾಲರಿ ತುಕ್ಕು ಹಿಡಿದಿತ್ತು. ಹಿತ್ತಾಳೆಗೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ನೆನೆಸಿದ ಹುಣಸೆಹಣ್ಣು. ಮೃದುವಾಗಿ ಉಜ್ಜಿ, ತೊಳೆದು, ಕೂಡಲೇ ಒಣಗಿಸಿದರಾಯಿತು. ಉಕ್ಕಿನ ಜಾಲರಿಗೆ ಮಾತ್ರ ಹುಳಿ ತಾಗಿಸಬಾರದು; ಮೆತ್ತನೆಯ ಬ್ರಷ್, ಸ್ವಲ್ಪ ಸೀಮೆಎಣ್ಣೆ ಸಾಕು. ಗಾಜಿನ ಮೇಲೆ ಕೆಳಗೆ ಬಿಳಿ ಬಳೆಗಳಿದ್ದರೆ ಎಚ್ಚರ! ಹಳೆಯ ದೀಪಗಳಲ್ಲಿ ಅವು ಕಲ್ನಾರಿನವು, ಅಂದರೆ ಆಸ್ಬೆಸ್ಟಸ್ಸಿನವು, ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ, ತಿಳಿದವರಿಂದಲೇ ಬದಲಾಯಿಸಿಕೊಳ್ಳಿ. ಬುಡ ತಿರುಗದಿದ್ದರೆ ಇಕ್ಕಳ ಹಾಕಿ ತಿರುಚಬೇಡಿ. ಗಣಿಯೊಳಗೆ ಯಾರೂ ದೀಪ ಬಿಚ್ಚದಿರಲೆಂದು ಬೀಗ ಇಟ್ಟಿರುತ್ತಾರೆ. ಕೆಲವು ಬಲವಾದ ಅಯಸ್ಕಾಂತಕ್ಕೆ ಮಾತ್ರ ತೆರೆಯುತ್ತವೆ.

ನನ್ನದು ಸೀಮೆಎಣ್ಣೆ ಬತ್ತಿಯ ದೀಪ. ಬುಡದಲ್ಲಿ ಅರಳೆ ತುಂಬಿದ್ದರೆ ಅದು ಸ್ಪಿರಿಟ್ ದೀಪ; ಅದನ್ನು ಮನೆಯಲ್ಲಿ ಹೊತ್ತಿಸದಿರುವುದೇ ಲೇಸು. ಪೆಟ್ರೋಲ್ ಅಂತೂ ಬೇಡವೇ ಬೇಡ. ಕಿಟಕಿ ತೆರೆದಿಟ್ಟು, ಬತ್ತಿ ಸಣ್ಣದಾಗಿಟ್ಟು, ದೊಡ್ಡವರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ಗಂಟೆ ಉರಿಸಬಹುದು. ಟೋಪಿ ಸುಡುತ್ತದೆ, ಮುಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯ ಮಾತು ಒಂದಿದೆ. ಇಂಥ ದೀಪದ ಮೇಲೆ ಒಂದು ಸಂಖ್ಯೆ ಕೆತ್ತಿರುತ್ತಾರೆ. ಹೊಳಪಿನ ಆಸೆಗೆ ಅದನ್ನು ಉಜ್ಜಿ ಅಳಿಸಬೇಡಿ. ಗಣಿಗೆ ಇಳಿಯುವವನು ದೀಪದ ಕೋಣೆಯಲ್ಲಿ ಬಿಲ್ಲೆ ಕೊಟ್ಟು ತನ್ನ ಸಂಖ್ಯೆಯ ದೀಪ ಪಡೆಯುತ್ತಿದ್ದ. ಪಾಳಿ ಮುಗಿದ ಮೇಲೂ ದೀಪ ವಾಪಸು ಬರಲಿಲ್ಲವೆಂದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಆ ಸಂಖ್ಯೆಯ ಹಿಂದೆ ಒಂದು ಮನೆ, ಕಾಯುವ ಕಣ್ಣುಗಳು ಇದ್ದವು. ಅಪ್ಪನದು ರಾತ್ರಿ ಪಾಳಿಯಾದರೆ ನಮ್ಮಮ್ಮ ಬಾಗಿಲ ದೀಪ ಆರಿಸುತ್ತಿರಲಿಲ್ಲ. ಅವರು ಬಂದು ಚಪ್ಪಲಿ ಬಿಟ್ಟ ಸದ್ದು ಕೇಳಿದ ಮೇಲೆಯೇ ಕಾಫಿಗೆ ನೀರಿಡುತ್ತಿದ್ದರು. ಇಲ್ಲೇ ಹುಟ್ಟಿದ ನನ್ನ ಮಗಳು ಈಗ ಆ ಸಂಖ್ಯೆಯ ಮೇಲೆ ಬೆರಳಾಡಿಸಿ, "ಇವರು ಮನೆಗೆ ವಾಪಸ್ ಬಂದ್ರಾ ಅಪ್ಪ?" ಎಂದು ಕೇಳುತ್ತಾಳೆ. ದೀಪ ಇಲ್ಲಿದೆಯಲ್ಲ ಪುಟ್ಟಿ, ಬಂದಿರಬೇಕು ಎನ್ನುತ್ತೇನೆ.

ಮನೆಯಿಂದ ದೂರ ದುಡಿಯುವ ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ. ನಿಮಗೆಲ್ಲ ದೀಪಾವಳಿಯ ಶುಭಾಶಯಗಳು.