ಬನವಾಸಿಯಲ್ಲಿ ಆರಂಭ, ತಮಿಳು ನಾಡಿನಲ್ಲಿ ಪೂರ್ಣ

ಚೆನ್ನೈಯಲ್ಲಿರುವ ಕನ್ನಡಿಗರಾದ ನಿಮಗೆ ಈ ಗ್ರಂಥದ ಕಥೆ ಹತ್ತಿರದ್ದು.

ಪಿಂಛಿ, ಕಮಂಡಲ ಹಿಡಿದು ಊರೂರು ನಡೆಯುತ್ತಿದ್ದ ದಿಗಂಬರ ಮುನಿಗಳು ಶಾಸ್ತ್ರವನ್ನು ನೆನಪಿನಲ್ಲೇ ಹೊತ್ತಿದ್ದರು. ಬಲ್ಲವರು ಕಣ್ಮರೆಯಾದಂತೆ ಪಾಠವೂ ಅಳಿಯುತ್ತಿತ್ತು. ಹಾಗಾಗಿ ಗಿರಿನಾರಿನ ಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರೆನ್ನುತ್ತದೆ ಪರಂಪರೆ. ಪುಷ್ಪದಂತರು ಬನವಾಸಿಯಲ್ಲಿ ಮೊದಲ 177 ಸೂತ್ರ ರಚಿಸಿದರು. ತಮಿಳು ನಾಡಿನಲ್ಲಿದ್ದ ಭೂತಬಲಿಗಳು ಉಳಿದದ್ದನ್ನು ಮುಗಿಸಿದರು. ಅದೇ ಪ್ರಾಕೃತದ 'ಷಟ್ಖಂಡಾಗಮ'.

9ನೇ ಶತಮಾನದಲ್ಲಿ ವೀರಸೇನರು ಅದಕ್ಕೆ 'ಧವಳಾ' ವ್ಯಾಖ್ಯಾನ ಬರೆದರು. ಇವೆರಡನ್ನೂ ಕಾಪಾಡಿದ್ದು ಮೂಡುಬಿದಿರೆಯ ತಾಳೆಗರಿಗಳು; ಲಿಪಿ ನಮ್ಮ ಹಳಗನ್ನಡದ್ದು. 1939ರಿಂದ ಅದು 16 ಸಂಪುಟಗಳಲ್ಲಿ ಅಚ್ಚಾಗಿ ಎಲ್ಲರ ಕೈಸೇರಿತು.

ಜ್ಯೇಷ್ಠ ಶುದ್ಧ ಪಂಚಮಿಯಂದು ಜೈನರು ಗ್ರಂಥಗಳನ್ನು ಪೂಜಿಸುವುದನ್ನು ಕಂಡರೆ, ಆ ಶ್ರುತಪಂಚಮಿಯ ಹಿಂದೆ ಇರುವುದು ಇದೇ ಗ್ರಂಥವೆಂದು ನೆನೆಯಿರಿ.