ಸ್ಟೇರಿಂಗ್ ಸಿಕ್ಕಿತು, ಸಹಿ ಇನ್ನೂ ವಲಿಯದ್ದೇ

ಸೌದಿಗೆ 'ಹೌಸ್ ಡ್ರೈವರ್' ವೀಸಾದಲ್ಲಿ ಹೋದವರು ಒಬ್ಬರೂ ಇಲ್ಲದ ಬ್ಯಾರಿ ಕುಟುಂಬ ನಮ್ಮ ಕಡೆ ಕಡಿಮೆ. ಆ ದುಡಿಮೆಯಿಂದ ಎಷ್ಟೋ ಹೆಂಚಿನ ಮನೆಗಳು ತಾರಸಿ ಮನೆಗಳಾಗಿವೆ, ಎಷ್ಟೋ ತಂಗಿಯಂದಿರ ನಿಕಾಹ್ ನಡೆದಿದೆ. ಆದರೆ ಅಷ್ಟೊಂದು ಮನೆಗಳಿಗೆ ಡ್ರೈವರ್ ಯಾಕೆ ಬೇಕಿತ್ತು? ಆ ಮನೆಗಳ ಹೆಂಗಸರಿಗೆ ಕಾರು ಓಡಿಸಲು ಅವಕಾಶ ಇರಲಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಆಸ್ಪತ್ರೆಗೆ ಹೋಗುವವರೆಗೆ ಯಾರಾದರೂ ಗಂಡಸು ಗಾಡಿ ತೆಗೆಯಬೇಕಿತ್ತು. ಅವರ ಮೇಲಿದ್ದ ನಿರ್ಬಂಧವೇ ನಮ್ಮ ಹುಡುಗರಿಗೆ ಅನ್ನ ಕೊಟ್ಟಿತು ಅನ್ನುವುದು ಕೇಳಲು ಕಷ್ಟವಾದರೂ ನಿಜ.

ಬರೆಯದ ಕಾನೂನು

ವಿಚಿತ್ರ ಅಂದರೆ, "ಹೆಂಗಸರು ಗಾಡಿ ಓಡಿಸಬಾರದು" ಎಂದು ಅಲ್ಲಿನ ಸಂಚಾರ ಕಾಯ್ದೆಯಲ್ಲಿ ಬರೆದಿರಲಿಲ್ಲ. ಲೈಸೆನ್ಸ್ ಕೊಡುತ್ತಿರಲಿಲ್ಲ, ಅಷ್ಟೇ. 1990ರ ನವೆಂಬರ್ 6ರಂದು 47 ಮಹಿಳೆಯರು ರಿಯಾದ್‌ನ ರಸ್ತೆಯಲ್ಲಿ ತಾವೇ ಕಾರು ಚಲಾಯಿಸಿ ಸಾಲಾಗಿ ಹೊರಟರು. ಅವರ ಪಾಸ್‌ಪೋರ್ಟ್ ಕಿತ್ತುಕೊಳ್ಳಲಾಯಿತು, ಸರಕಾರಿ ಕೆಲಸದಲ್ಲಿದ್ದವರನ್ನು ಅಮಾನತು ಮಾಡಲಾಯಿತು. ಅದುವರೆಗೆ ರೂಢಿಯಾಗಿದ್ದ ನಿಷೇಧವನ್ನು ಗೃಹ ಇಲಾಖೆ ಅಧಿಕೃತವಾಗಿ ಪ್ರಕಟಿಸಿದ್ದು ಆ ಬಳಿಕ. ಅದಕ್ಕೆ ಫತ್ವಾದ ಬಲವೂ ಸಿಕ್ಕಿತು. 2011ರಲ್ಲಿ ಮನಾಲ್ ಅಲ್ ಶರೀಫ್ ಎಂಬವರು ಅಲ್ ಖೋಬರ್‌ನಲ್ಲಿ ಕಾರು ಓಡಿಸಿದ ವೀಡಿಯೊ ಯೂಟ್ಯೂಬ್‌ನಲ್ಲಿ ಹರಿದಾಡಿತು. ಅವರು ಜೈಲು ಸೇರಬೇಕಾಯಿತು.

ನಿಷೇಧವನ್ನು ಸಮರ್ಥಿಸುತ್ತಿದ್ದವರು ಹೆಣ್ಣುಮಕ್ಕಳ ಮಾನ ಮತ್ತು ಭದ್ರತೆಯ ಮಾತಾಡುತ್ತಿದ್ದರು. ಆ ಮಹಿಳೆಯರು ತಿರುಗಿ ಕೇಳಿದ ಪ್ರಶ್ನೆ ಸರಳ: ಪರಪುರುಷನ ಜೊತೆ ಒಂಟಿಯಾಗಿ ಇರಬಾರದು ಅನ್ನುವವರು, ದಿನಾ ಪರದೇಶದ ಗಂಡಸೊಬ್ಬನ ಕಾರಿನಲ್ಲಿ ಒಬ್ಬಳೇ ಕೂತು ಹೋಗು ಎನ್ನುವುದು ಹೇಗೆ? ಪ್ರವಾದಿಯವರ ಕಾಲದಲ್ಲಿ ಹೆಂಗಸರು ಒಂಟೆ ಸವಾರಿ ಮಾಡುತ್ತಿದ್ದದ್ದು ಸುಳ್ಳೇ? ಇದಕ್ಕೆ ನೇರ ಉತ್ತರ ಕೊಡುವುದು ಸುಲಭ ಇರಲಿಲ್ಲ.

ಒಂದೇ ರಾತ್ರಿಯಲ್ಲಿ ಬದಲು

2017ರ ಸೆಪ್ಟೆಂಬರ್ 26ರಂದು ರಾಜಾಜ್ಞೆ ಬಂತು. 2018ರ ಜೂನ್ 24ರಿಂದ ಮಹಿಳೆಯರು ರಸ್ತೆಗಿಳಿದರು. ಹಿರಿಯ ಉಲಮಾಗಳ ಮಂಡಳಿಯ ಬಹುಪಾಲು ಸದಸ್ಯರಿಗೆ ಇದರಲ್ಲಿ ಶರೀಅತ್‌ನ ಅಡ್ಡಿ ಕಾಣುವುದಿಲ್ಲ ಎಂದು ಆ ಆಜ್ಞೆಯಲ್ಲೇ ಬರೆದಿತ್ತು. 27 ವರ್ಷ ದೀನ್‌ನ ಹೆಸರಲ್ಲಿ ನಿಂತಿದ್ದ ಗೋಡೆ ಒಂದು ಸಹಿಯಿಂದ ಬಿತ್ತು. ದೀನ್ ಬದಲಾಗಲಿಲ್ಲ. ಬದಲಾದದ್ದು ಆಳುವವರ ಮನಸ್ಸು ಮತ್ತು ದೇಶದ ಲೆಕ್ಕಾಚಾರ. ದುಡಿಯುವವರಲ್ಲಿ ಮಹಿಳೆಯರ ಪಾಲನ್ನು ಶೇ. 22ರಿಂದ 30ಕ್ಕೆ ಏರಿಸಬೇಕೆಂದು 'ವಿಷನ್ 2030' ಗುರಿ ಇಟ್ಟುಕೊಂಡಿತ್ತು. ಕೆಲಸಕ್ಕೆ ಹೋಗಬೇಕಾದವಳು ಸಂಬಳದ ದೊಡ್ಡ ಪಾಲನ್ನು ಡ್ರೈವರ್‌ಗೇ ಕೊಟ್ಟರೆ ಹೇಗೆ?

ಆದರೆ ಈ ಹಕ್ಕನ್ನು ಕೇಳಿ ಕೇಳಿ ಸುಸ್ತಾದವರಿಗೆ ಏನು ಸಿಕ್ಕಿತು? ನಿಷೇಧ ತೆಗೆಯಲು ಕೆಲವೇ ವಾರ ಇರುವಾಗ, 2018ರ ಮೇ ತಿಂಗಳಲ್ಲಿ, ಲುಜೈನ್ ಅಲ್ ಹತ್ಲೂಲ್, ಅಝೀಝಾ ಅಲ್ ಯೂಸುಫ್, ಈಮಾನ್ ಅಲ್ ನಫ್ಜಾನ್ ಮೊದಲಾದವರನ್ನು ಬಂಧಿಸಲಾಯಿತು. ಲುಜೈನ್ ಹೊರಬಂದದ್ದು 2021ರ ಫೆಬ್ರವರಿಯಲ್ಲಿ. ಕೊಡುವುದು ನಾವು, ಕೇಳುವ ಅಧಿಕಾರ ನಿಮಗಿಲ್ಲ ಅನ್ನುವ ಸಂದೇಶ ಅದರಲ್ಲಿತ್ತು.

ಅಬ್‌ಶಿರ್ ಮತ್ತು ಪಾಸ್‌ಪೋರ್ಟ್

ಸೌದಿಯಲ್ಲಿ ಇರುವವರಿಗೆಲ್ಲ 'ಅಬ್‌ಶಿರ್' ಗೊತ್ತು. ಇಖಾಮ, ರೀ-ಎಂಟ್ರಿ, ದಂಡ ಎಲ್ಲವೂ ಅದರಲ್ಲೇ. ಅದೇ ಆ್ಯಪ್‌ನಲ್ಲಿ ಸೌದಿ ಗಂಡಸು ತನ್ನ ಹೆಂಡತಿ ಅಥವಾ ಮಗಳು ದೇಶ ಬಿಟ್ಟು ಹೋಗಬಹುದೇ ಬೇಡವೇ ಎಂದು ಬೆರಳಲ್ಲಿ ಒತ್ತಿ ತೀರ್ಮಾನಿಸಬಹುದಿತ್ತು. ಡಾಕ್ಟರ್ ಆಗಿರಲಿ, ಪ್ರೊಫೆಸರ್ ಆಗಿರಲಿ, ವಿಧವೆಯಾದರೆ ಮಗನ ಒಪ್ಪಿಗೆಯೇ ಬೇಕಾಗುವ ಸ್ಥಿತಿಯೂ ಇತ್ತು. 2019ರ ಆಗಸ್ಟ್‌ನಲ್ಲಿ ಇದು ಸಡಿಲವಾಯಿತು. 21 ವರ್ಷ ತುಂಬಿದವಳು ಸ್ವತಃ ಪಾಸ್‌ಪೋರ್ಟ್ ಪಡೆದು ಪ್ರಯಾಣ ಮಾಡಬಹುದು. ಮಗುವಿನ ಜನನ, ಮದುವೆ, ವಿಚ್ಛೇದನವನ್ನು ನೋಂದಾಯಿಸಬಹುದು. ಡ್ರೈವಿಂಗ್‌ಗಿಂತ ದೊಡ್ಡ ಬದಲಾವಣೆ ಇದು.

ಮನೆಯೊಳಗೆ ಮಾತ್ರ ಕಾನೂನು ಅಷ್ಟು ಬದಲಾಗಲಿಲ್ಲ. 2022ರ ಮಾರ್ಚ್ 8ರಂದು, ಅಂದರೆ ಮಹಿಳಾ ದಿನದಂದೇ, ವೈಯಕ್ತಿಕ ಕಾನೂನು ಮೊದಲ ಬಾರಿಗೆ ಲಿಖಿತವಾಗಿ ಬಂತು. ಖಾಝಿಗೆ ತೋಚಿದಂತೆ ತೀರ್ಪು ಬದಲಾಗುತ್ತಿದ್ದ ಕಡೆ ಬರಹದ ನಿಯಮ ಇರುವುದು ಒಳ್ಳೆಯದೇ. ಆದರೆ ನಿಕಾಹ್‌ಗೆ ವಲಿ ಬೇಕೇ ಬೇಕು. ಸೂಕ್ತ ಕಾರಣವಿಲ್ಲದೆ ಗಂಡನ ಮನೆಯಲ್ಲಿರಲು ಒಪ್ಪದ ಹೆಂಡತಿ ಜೀವನಾಂಶದ ಹಕ್ಕು ಕಳೆದುಕೊಳ್ಳಬಹುದು. ಸ್ಟೇರಿಂಗ್ ಹಿಡಿದು ಊರೆಲ್ಲ ಸುತ್ತಬಲ್ಲ ಹೆಣ್ಣು, ಮನೆಯ ಬಾಗಿಲಲ್ಲಿ ಹಳೆಯ ಲೆಕ್ಕಕ್ಕೇ ಮರಳಬೇಕು.

ನಮಗೇನು?

"ಅದು ಅರಬಿಗಳ ವಿಷಯ, ನಮಗೇನು" ಎನ್ನಬಹುದು. ನಮ್ಮಲ್ಲಿ ಹೆಣ್ಣುಮಕ್ಕಳು ಸ್ಕೂಟರ್ ಓಡಿಸುತ್ತಾರೆ, ಕಾಲೇಜಿಗೆ ಹೋಗುತ್ತಾರೆ. ನಿಜ. ಆದರೆ ಸೌದಿಯಲ್ಲಿ ಕಾನೂನು ಕಿತ್ತುಕೊಂಡದ್ದನ್ನು ನಮ್ಮಲ್ಲಿ ಕೆಲವೊಮ್ಮೆ ಅಜ್ಞಾನ ಕಿತ್ತುಕೊಳ್ಳುತ್ತದೆ. ಇರುವ ಹಕ್ಕೇ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಸಾಕು. ಗಲ್ಫಿಗೆ ಹೋದ ಗಂಡ ಫೋನೂ ಇಲ್ಲ, ಹಣವೂ ಇಲ್ಲ ಎಂದಾದಾಗ, ತಲಾಕ್ ಸಿಗದೆ, ಸಂಸಾರವೂ ಇಲ್ಲದೆ ತವರಿನ ಮೂಲೆಯಲ್ಲಿ ವರ್ಷ ಕಳೆಯುವ ಹೆಣ್ಣುಮಕ್ಕಳಿದ್ದಾರೆ. "ಸಬರ್ ಮಾಡು ಮಗಳೇ" ಎಂಬ ಸಮಾಧಾನ ಅವರ ಪಾಲಿಗೆ ಬರುತ್ತದೆ. ಅವರಿಗಾಗಿಯೇ 1939ರಿಂದ ಈ ದೇಶದಲ್ಲಿ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಇದೆ. ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾದರೆ ಆಕೆ ಕೋರ್ಟಿನಿಂದ ಬಿಡುಗಡೆ ಪಡೆಯಬಹುದು. ಕ್ರೌರ್ಯ ಸೇರಿದಂತೆ ಬೇರೆ ಕಾರಣಗಳೂ ಅದರಲ್ಲಿವೆ. ಇದು ಹೊರಗಿನವರು ಹೇರಿದ ಕಾನೂನೂ ಅಲ್ಲ. ಹೆಣ್ಣುಮಕ್ಕಳ ಕಷ್ಟ ಕಂಡು, ಮಾಲಿಕಿ ಮದ್‌ಹಬಿನ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು ಇದಕ್ಕೆ ದಾರಿ ತೋರಿಸಿದವರಲ್ಲಿ ಉಲಮಾಗಳೂ ಇದ್ದರು.

ಸೌದಿಯ ಆ 47 ಮಂದಿಗೆ ಕೇಳಲು ಕಾನೂನಿನ ಬಾಗಿಲೇ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಬಾಗಿಲು ಇದೆ. ಅದು ಎಲ್ಲಿದೆ ಎಂದು ಹೇಳಿಕೊಡುವವರು ಬೇಕು. "ಹೆಣ್ಣಿಗೆ ಅದೆಲ್ಲ ಇಲ್ಲ" ಎಂದು ಯಾರಾದರೂ ಅಂದಾಗ, ಇಲ್ಲ ಎಂದದ್ದು ದೀನೋ, ಕಾನೂನೋ, ಊರಿನ ರೂಢಿಯೋ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಜಮಾಅತ್‌ನ ಸಭೆಯಲ್ಲಿ, ನಿಕಾಹ್ ನಿಶ್ಚಯದ ಮಾತುಕತೆಯಲ್ಲಿ ಮಹರ್‌ನ ಮೊತ್ತದ ಜೊತೆ ಈ ವಿಷಯಗಳನ್ನೂ ಹುಡುಗಿಗೆ ತಿಳಿಸಿ ಹೇಳಿದರೆ, ನಾಳೆ ಆಕೆ ಯಾರ ಮನೆ ಬಾಗಿಲಲ್ಲೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.